ಟಿಫ್ ಚಿತ್ರಗಳನ್ನು ಜಾಲಪುಟಕ್ಕೆ ಹಗುರಗೊಳಿಸುವ ಬಗೆ

6000×4000 ಪಿಕ್ಸೆಲ್‌ಗಳ ಟಿಫ್ ಕಡತಗಳನ್ನು ಜೆಪೆಗ್‌ಗೆ ಬದಲಿಸಿದ ಮೇಲೂ ಪುಟ ನಿಧಾನವಾಗಿ ತೆರೆಯುತ್ತಿದೆ, ಉಳಿಸುವಾಗ ಕೊಡುವ ಗುಣಮಟ್ಟದ ಅಂಕಿಯನ್ನು 40ಕ್ಕೆ ಇಳಿಸಿದರೆ ಆಕಾಶದಲ್ಲಿ ಚೌಕಚೌಕವಾದ ಕಲೆಗಳು ಏಳುತ್ತಿವೆ, ಇದಕ್ಕಿಂತ ಒಳ್ಳೆಯ ಫಾರ್ಮ್ಯಾಟ್ ಯಾವುದು ಎಂದು ಕೇಳಿದ್ದೀರಿ. ನನ್ನ ಪ್ರಕಾರ ಫಾರ್ಮ್ಯಾಟ್ ಎರಡನೆಯ ಪ್ರಶ್ನೆ. ಚಿತ್ರದ ಅಳತೆಯನ್ನು ಹಾಗೆಯೇ ಬಿಟ್ಟಿರುವುದೇ ಮೊದಲ ತೊಡಕು.

ನಿಮ್ಮ ಒಂದೊಂದು ಚಿತ್ರದಲ್ಲೂ 2.4 ಕೋಟಿ ಪಿಕ್ಸೆಲ್‌ಗಳಿವೆ. ಪುಟದಲ್ಲಿ ಅದು 800 ಪಿಕ್ಸೆಲ್ ಅಗಲದ ಜಾಗದಲ್ಲಿ ಕಾಣುವುದಾದರೆ, ಅದೇ ಅಗಲದಲ್ಲಿ ದುಪ್ಪಟ್ಟು ಪಿಕ್ಸೆಲ್ ತುಂಬಿರುವ ಪರದೆಗಳನ್ನೂ ಗಮನದಲ್ಲಿಟ್ಟು ಅಗಲವನ್ನು 1600ಕ್ಕೆ ಇಳಿಸಿದರೆ ಸಾಕು. ಆಗ ಉಳಿಯುವುದು ಸುಮಾರು 17 ಲಕ್ಷ ಪಿಕ್ಸೆಲ್, ಅಂದರೆ ಮೂಲದ ಹದಿನಾಲ್ಕನೇ ಒಂದು ಭಾಗ. ಗುಣಮಟ್ಟಕ್ಕೆ ಕೈಹಚ್ಚುವ ಮೊದಲೇ ದೊರೆಯುವ ಉಳಿತಾಯವಿದು.

ಆ ಕಲೆಗಳಿಗೂ ಕಾರಣವಿದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಕಣ್ಣಿಗೆ ಅಷ್ಟಾಗಿ ಬೀಳದ ನವಿರು ವಿವರಗಳನ್ನು ಒರಟಾಗಿ ದಾಖಲಿಸುತ್ತದೆ. ಎಲೆಗಳ ಗೊಂದಲದಲ್ಲಿ ಈ ನಷ್ಟ ಮುಚ್ಚಿಹೋಗುತ್ತದೆ. ನೀಲಿ ಮೆಲ್ಲಗೆ ತಿಳಿಯಾಗುತ್ತ ಹೋಗುವ ಆಕಾಶದಲ್ಲಿ ಮಾತ್ರ ಚೌಕಗಳ ಅಂಚುಗಳೇ ಎದ್ದು ಕಾಣುತ್ತವೆ. ಗುಣಮಟ್ಟದ ಅಂಕಿಯನ್ನು ನಾನು 80ರಿಂದ ಆರಂಭಿಸಿ, ಇಂಥ ಭಾಗವನ್ನು ಪೂರ್ಣ ಗಾತ್ರದಲ್ಲಿ ನೋಡುತ್ತಲೇ ಕೆಳಗಿಳಿಯುತ್ತೇನೆ. ಈ ಅಂಕಿ ಶೇಕಡಾವಾರು ಅಲ್ಲ, ಒಂದು ತಂತ್ರಾಂಶದ 80 ಇನ್ನೊಂದರ 80ಕ್ಕೆ ಸಮವೂ ಅಲ್ಲ.

ಇನ್ನು ಫಾರ್ಮ್ಯಾಟ್. ಗೂಗಲ್ 2010ರಲ್ಲಿ ಪ್ರಕಟಿಸಿದ ವೆಬ್‌ಪಿ ಮತ್ತು 2019ರ ಎವಿಐಎಫ್ ಎರಡನ್ನೂ ಇಂದಿನ ಪ್ರಮುಖ ಬ್ರೌಸರ್‌ಗಳು ಓದುತ್ತವೆ, ಮತ್ತು ಅಷ್ಟೇ ಚೆಲುವಿಗೆ ಸಾಮಾನ್ಯವಾಗಿ ಜೆಪೆಗ್‌ಗಿಂತ ಕಡಿಮೆ ಜಾಗ ಕೇಳುತ್ತವೆ. ಎವಿಐಎಫ್ ಸಿದ್ಧವಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ನಷ್ಟಸಹಿತ, ಅಂದರೆ ಕೆಲವು ವಿವರಗಳನ್ನು ಬಿಟ್ಟು ಹಗುರಗೊಳಿಸುವ, ವೆಬ್‌ಪಿ ಬಣ್ಣದ ವಿವರವನ್ನು ಅಗಲ ಎತ್ತರಗಳೆರಡರಲ್ಲೂ ಅರ್ಧಕ್ಕಿಳಿಸುವುದರಿಂದ, ಕಪ್ಪು ಹಿನ್ನೆಲೆಯ ಕೆಂಪು ಅಕ್ಷರಗಳ ಅಂಚು ಅದರಲ್ಲಿ ಮಸುಕಾಗಬಹುದು. ಅಂಥವಕ್ಕೂ ಸ್ಕ್ರೀನ್‌ಶಾಟ್‌ಗಳಿಗೂ ಪಿಎನ್‌ಜಿ ಅಥವಾ ನಷ್ಟರಹಿತ ವೆಬ್‌ಪಿ ಲೇಸು.

ನಾನೇ ಎಡವಿದ ಒಂದು ವಿಷಯವನ್ನೂ ಹೇಳಬೇಕು. ಅಡೋಬ್ ಆರ್‌ಜಿಬಿ ಎಂಬ ವಿಶಾಲ ಬಣ್ಣವ್ಯಾಪ್ತಿಯಲ್ಲಿದ್ದ ಚಿತ್ರಗಳಿಂದ ಜಿಪಿಎಸ್ ಮಾಹಿತಿಯನ್ನು ತೆಗೆಯುವ ಭರದಲ್ಲಿ ಬಣ್ಣಗಳನ್ನು ಹೇಗೆ ಓದಬೇಕೆಂದು ತಿಳಿಸುವ ಪ್ರೊಫೈಲನ್ನೂ ಅಳಿಸಿಬಿಟ್ಟಿದ್ದೆ. ಬ್ರೌಸರಿನಲ್ಲಿ ಚಿತ್ರಗಳೆಲ್ಲ ಕಳೆಗುಂದಿದವು. ಮೊದಲು ಜಾಲದಲ್ಲಿ ರೂಢಿಯಲ್ಲಿರುವ ಬಣ್ಣವ್ಯಾಪ್ತಿಯಾದ ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಆಮೇಲೆ ಮಾಹಿತಿಯನ್ನು ತೆಗೆಯಿರಿ. ಈಗಾಗಲೇ ಮಾಡಿಟ್ಟ ಜೆಪೆಗ್‌ಗಳಿಂದ ವೆಬ್‌ಪಿ ತಯಾರಿಸಲು ಹೋಗಬೇಡಿ, ಅವುಗಳ ಕಲೆಗಳೂ ಜೊತೆಗೇ ಬರುತ್ತವೆ. ಪ್ರತಿ ಸಲವೂ ಮೂಲ ಟಿಫ್‌ನಿಂದಲೇ ಹೊರಡಿ.