ಬಸವನಹುಳುವಿನ ರಕ್ತದಲ್ಲೇ ತಾಮ್ರ ಇದ್ದರೆ, ಮೈಲುತುತ್ತಕ್ಕೆ ಅದು ಸಾಯುವುದೇಕೆ?

ಪ್ರಶ್ನೆ: ವಿ.ಸಿ. ನಾಲೆ ಬಯಲಿನಲ್ಲಿ ನಮ್ಮ ಬಾಳೆ ತೋಟವಿದೆ. ಮಳೆ ಬಿದ್ದರೆ ಸಾಕು, ದಪ್ಪ ದಪ್ಪ ಆಫ್ರಿಕನ್ ಬಸವನಹುಳುಗಳು ಗಿಡಗಳಿಗೆ ಮುತ್ತಿಕೊಳ್ಳುತ್ತವೆ. ಒಂದು ಹುಳು ಕಾಲಿಗೆ ಸಿಕ್ಕಿ ಒಡೆದಾಗ ನೀರಿನಂಥ ರಸ ಬಂತು. ಸ್ವಲ್ಪ ಹೊತ್ತಿಗೆ ತೆಳು ನೀಲಿಯಾಯಿತು. ಅದರ ರಕ್ತದಲ್ಲಿ ತಾಮ್ರ ಇದೆ ಎಂದು ಮಗಳು ಹೇಳುತ್ತಾಳೆ. ಹಾಗಾದರೆ ಮೈಲುತುತ್ತ (ಅದೂ ತಾಮ್ರದ ಲವಣವೇ ಅಲ್ಲವೇ) ಹೊಡೆದರೆ ಅದು ಸಾಯುವುದೇಕೆ? ಕಾಲುವೆ ಅಂಚಿನ ಚಪ್ಪಟೆ ಸುರುಳಿ ಹುಳು ಒಡೆದರೆ ಕೆಂಪು ಬರುತ್ತದಲ್ಲ, ಅದು ಹೇಗೆ?
– ಒಬ್ಬ ರೈತ, ಮಂಡ್ಯ ಜಿಲ್ಲೆ

ಉತ್ತರ: ಮಗಳು ಹೇಳಿದ್ದು ಸರಿ. ನೀವು ಕಂಡದ್ದು ಅದರ ರಕ್ತವೇ. ನಮ್ಮಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ ಇರುವ ಹಿಮೋಗ್ಲೋಬಿನ್. ಈ ಬಸವನಹುಳು, ಆಕ್ಟೋಪಸ್, ಮೀನಂಗಡಿಯಲ್ಲಿ ಸಿಗುವ ಬೊಂಡಾಸ್ (ಸ್ಕ್ವಿಡ್), ಇವುಗಳಲ್ಲಿ ಆ ಕೆಲಸ ಹಿಮೋಸಯನಿನ್ ಎಂಬ ಪ್ರೋಟೀನಿನದು. 1878ರಲ್ಲಿ ಬೆಲ್ಜಿಯಂನ ಲಿಯೋನ್ ಫ್ರೆಡೆರಿಕ್ ಆಕ್ಟೋಪಸ್ ರಕ್ತದ ಅಧ್ಯಯನದಲ್ಲಿ ಇದಕ್ಕೆ ಈ ಹೆಸರು ಕೊಟ್ಟರು.

ಇದರಲ್ಲಿ ಎರಡು ತಾಮ್ರದ ಪರಮಾಣುಗಳು ಎದುರುಬದುರು ಕೂತಿರುತ್ತವೆ. ಒಂದೊಂದನ್ನೂ ಮೂರು ಹಿಸ್ಟಿಡಿನ್‌ಗಳು ಬಿಗಿಯಾಗಿ ಹಿಡಿದಿರುತ್ತವೆ. ಹಿಸ್ಟಿಡಿನ್ ಅಂದರೆ ಒಂದು ಅಮೈನೋ ಆಮ್ಲ. ಆಮ್ಲಜನಕದ ಒಂದು ಅಣು ಬಂದು ಆ ಎರಡರ ನಡುವೆ ಕೂರುತ್ತದೆ. ಆಗ ಎರಡೂ ತಾಮ್ರ ತಲಾ ಒಂದು ಎಲೆಕ್ಟ್ರಾನನ್ನು ಆಮ್ಲಜನಕದ ಕಡೆ ಬಿಟ್ಟುಕೊಡುತ್ತವೆ, ಬಣ್ಣ ನೀಲಿಯಾಗುತ್ತದೆ. ಆಮ್ಲಜನಕ ಬಿಟ್ಟು ಹೋದರೆ ಎಲೆಕ್ಟ್ರಾನ್ ವಾಪಸ್, ಬಣ್ಣವೂ ಮಾಯ. ನಿಮ್ಮ ಕಣ್ಣೆದುರು ಗಾಳಿ ಸೋಕಿದಾಗ ಆದದ್ದು ಇದೇ.

ನಮ್ಮ ಹಿಮೋಗ್ಲೋಬಿನ್ ಕೆಂಪು ರಕ್ತಕಣದ ಒಳಗಿರುತ್ತದೆ. ಹಿಮೋಸಯನಿನ್ ರಕ್ತದಲ್ಲೇ ನೇರವಾಗಿ ಕರಗಿರುತ್ತದೆ. ಸಣ್ಣ ಸಣ್ಣ ಅಣುಗಳು ಹಾಗೆ ತುಂಬಿಕೊಂಡರೆ ರಕ್ತ ಸುತ್ತಲಿನ ನೀರನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಅದಕ್ಕೇ ಇಲ್ಲಿ ಕೆಲವೇ, ಆದರೆ ದೈತ್ಯ ಅಣುಗಳು. ಬಸವನಹುಳುವಿನಲ್ಲಿ ಸಾಮಾನ್ಯವಾಗಿ 20 ಸರಪಳಿಗಳು ಸೇರಿ ಒಂದು ಪೊಳ್ಳು ಕೊಳವೆಯಾಗುತ್ತದೆ. ಒಂದೊಂದು ಸರಪಳಿಯಲ್ಲಿ ಆಮ್ಲಜನಕಕ್ಕೆ 8 ಜಾಗ, ಒಟ್ಟು 160. ಆಕ್ಟೋಪಸ್‌ನಲ್ಲಿ ಸರಪಳಿ 10, ತಲಾ 7 ಜಾಗ. ಅಣುವೊಂದು ಇಷ್ಟು ಅಂದವಾಗಿ ಕಟ್ಟಿಕೊಂಡಿರುವುದನ್ನು ನೆನೆದರೆ ನನಗೆ ಇವತ್ತಿಗೂ ಬೆರಗು. ಆದರೂ ಹೊರುವ ಒಟ್ಟು ಆಮ್ಲಜನಕ ನಮ್ಮ ರಕ್ತಕ್ಕಿಂತ ಬಹಳ ಕಡಿಮೆ. ಚುರುಕಾಗಿ ಬೇಟೆಯಾಡುವ ಆಕ್ಟೋಪಸ್‌ಗೆ ಇದು ಸಾಲದು. ಅದಕ್ಕೆ ಮೂರು ಹೃದಯಗಳಿವೆ. ಎರಡು ಕಿವಿರುಗಳಿಗೆ ರಕ್ತ ತಳ್ಳುತ್ತವೆ, ಇನ್ನೊಂದು ಮೈಗೆಲ್ಲ.

ಈಗ ಮೈಲುತುತ್ತ. ಇಲ್ಲಿ ಮುಖ್ಯ ಆಗುವುದು ತಾಮ್ರ ಇದೆಯೋ ಇಲ್ಲವೋ ಅನ್ನುವುದಲ್ಲ, ಅದು ಕಟ್ಟಿನಲ್ಲಿದೆಯೋ ಬಿಡಿಯಾಗಿದೆಯೋ ಅನ್ನುವುದು. ಹಿಮೋಸಯನಿನ್‌ನ ತಾಮ್ರ ಹಿಸ್ಟಿಡಿನ್ ಹಿಡಿತ ಬಿಟ್ಟು ಅಲೆಯುವುದಿಲ್ಲ. ಮೈಲುತುತ್ತ ನೀರಿನಲ್ಲಿ ಕರಗಿದರೆ ತಾಮ್ರದ ಅಯಾನು ಬಿಡಿಯಾಗಿ ಹುಳುವಿನ ಹಸಿ ಮೈಗೆ ತಾಗುತ್ತದೆ. ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟಿ ಕಿಣ್ವಗಳನ್ನು ಕೆಡಿಸುತ್ತದೆ. ಸಿಹಿನೀರಿನ ಬಸವನಹುಳುಗಳಲ್ಲಿ ಮೈಗೆ ಬೇಕಾದ ಸೋಡಿಯಂ ಒಳಗೆ ಬರುವುದೇ ತಪ್ಪುತ್ತದೆ. ನಮ್ಮ ರಕ್ತದಲ್ಲೂ ಕಬ್ಬಿಣ ಇದೆ, ಆದರೆ ಮಗು ಕಬ್ಬಿಣದ ಮಾತ್ರೆಗಳನ್ನು ಒಟ್ಟಿಗೆ ನುಂಗಿದರೆ ಪ್ರಾಣಕ್ಕೇ ಅಪಾಯ, ಅಲ್ವಾ? ಅಂದಹಾಗೆ, ತಾಮ್ರ ಮಣ್ಣಿನಲ್ಲಿ ಕೊಳೆತು ಹೋಗುವ ವಸ್ತುವಲ್ಲ, ಉಳಿದುಬಿಡುತ್ತದೆ. ಮೀನಿಗೂ ವಿಷ. ನಾಲೆ ಪಕ್ಕದಲ್ಲಿ ಸುಮ್ನೆ ಸುರಿಯಬೇಡಿ.

ಆ ಚಪ್ಪಟೆ ಸುರುಳಿ ಹುಳು ಬಹುಶಃ ಇಂಡೋಪ್ಲಾನಾರ್ಬಿಸ್. ನಮ್ಮ ಕೆರೆ, ಕಾಲುವೆಗಳಲ್ಲಿ ಸಾಮಾನ್ಯ. ಈ ಕುಟುಂಬದ ಹತ್ತಿರದ ನೆಂಟರಲ್ಲೂ ರಕ್ತ ನೀಲಿಯೇ. ಇವು ಮಾತ್ರ ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಕಬ್ಬಿಣದ ಪ್ರೋಟೀನಿನಿಂದ ಹೊಸದಾಗಿ ಒಂದು ಹಿಮೋಗ್ಲೋಬಿನ್ ರೂಪಿಸಿಕೊಂಡವು. ಅದೂ ದೊಡ್ಡ ಅಣು, ಅದೂ ರಕ್ತಕಣವಿಲ್ಲದೆ ಕರಗಿರುತ್ತದೆ. ಆಮ್ಲಜನಕ ಕಡಿಮೆ ಇರುವ ನಿಂತ ನೀರಿನಲ್ಲಿ ಬದುಕಲು ಇದು ಅನುಕೂಲ.

ಎರಡನ್ನೂ ಬರಿಗೈಯಲ್ಲಿ ಜಜ್ಜಬೇಡಿ. ಆಫ್ರಿಕನ್ ಹುಳುವಿನಲ್ಲಿ ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿ ಇರಬಹುದು. ಇಂಡೋಪ್ಲಾನಾರ್ಬಿಸ್‌ನಿಂದ ಹೊರಬರುವ ಒಂದು ಪರೋಪಜೀವಿ ದನಗಳ ಮೂಗಿನ ರಕ್ತನಾಳ ಸೇರಿ ಗೊರಕೆಯಂಥ ಉಸಿರಾಟ ತರುತ್ತದೆ. ನಿಮ್ಮ ಹಸು ಹಾಗೆ ಉಸಿರಾಡುತ್ತಿದ್ದರೆ ಪಶುವೈದ್ಯರಿಗೆ ಕಾಲುವೆ ನೀರಿನ ವಿಷಯವನ್ನೂ ಹೇಳಿ.