ಆಲಮಟ್ಟಿ ವಿಡಿಯೋ ನಂಬಬೇಕಾ, ಪೇಪರ್ ನಂಬಬೇಕಾ?

ಅಣ್ಣಾರ, ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಗೇಟ್ ತೆಗೆದಿದ್ದಾರೆ, ಜಮಖಂಡಿ ಕಡೆ ಹಳ್ಳಿಗಳು ಮುಳುಗುತ್ತವೆ ಅಂತ ವಿಡಿಯೋ ಬಂದಿದೆ, ಪೇಪರ್‌ನವರು ಮುಚ್ಚಿಡುತ್ತಿದ್ದಾರಾ ಅಂತ ಕೇಳಿದ್ದೀರಿ.

ವಿಡಿಯೋದ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಜಮಖಂಡಿ ಇರೋದು ಆಲಮಟ್ಟಿಗಿಂತ ಮೇಲೆ, ಅಂದರೆ ನದಿ ಹರಿದು ಬರುವ ಕಡೆ. ಗೇಟ್ ತೆಗೆದರೆ ನೀರು ಕೆಳಗಿನ ನಾರಾಯಣಪುರದ ಕಡೆ ಇಳಿಯುತ್ತದೆ. ನಿಮ್ಮ ಕಡೆ ಭಯ ಇರೋದು ಮಹಾರಾಷ್ಟ್ರದ ನೀರು ಜಾಸ್ತಿಯಾಗಿ, ಕೆಳಗೆ ಹಿನ್ನೀರು ನಿಂತಾಗ. ಹಾಗಾಗಿ ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು, ಯಾವ ದಿನದ್ದು, ಹೇಳಿದವರು ಯಾರು, ಇಷ್ಟು ನೋಡಿ. ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್. ಈಗಿನ ಮಟ್ಟ ಹೇಳದೆ ಸುಮ್ನೆ ಸೈರನ್ ಸದ್ದು ಹಾಕಿದ್ದರೆ ಫಾರ್ವರ್ಡ್ ಮಾಡಬೇಡಿ.

ಹಾಗಂತ ಸರ್ಕಾರ ಹೇಳಿದ್ದೇ ಕೊನೆ ಮಾತಲ್ಲ. ಕೇಂದ್ರ ಸರ್ಕಾರದ ಬಗ್ಗೆ ಬರುವ ಸುದ್ದಿ ಸುಳ್ಳೋ ಅಲ್ಲವೋ ಅಂತ ಸರ್ಕಾರದ ಘಟಕವೇ ಹೇಳುವ 2023ರ ನಿಯಮವನ್ನು ಬಾಂಬೆ ಹೈಕೋರ್ಟ್ 2024ರಲ್ಲಿ ರದ್ದು ಮಾಡಿತು. ಒಳ್ಳೆಯದೇ ಆಯ್ತು. ಪರಿಹಾರ ಸಿಗದ ಸಂತ್ರಸ್ತರ ಬಗ್ಗೆ ಅಧಿಕಾರಿಗಳನ್ನು ಕೇಳುವ ವರದಿಗಾರರು ನಮಗೆ ಬೇಕು, ಅಲ್ವಾ?

ಇವತ್ತಿನ ಮಟ್ಟಿಗೆ ತಹಶೀಲ್ದಾರ್ ಕಚೇರಿಗೆ ಒಂದು ಫೋನ್ ಮಾಡಿ. ಅವರು ಹೇಳಿದ್ದನ್ನು ವಿಡಿಯೋ ಬಂದ ಗ್ರೂಪ್‌ನಲ್ಲೇ ಹಾಕಿ.