ಹೈಸ್ಕೂಲಿಗೆ ಅಪ್ಪ-ಅಮ್ಮ ಬಂದುಹೋಗುವುದರಿಂದ ನಿಜಕ್ಕೂ ಉಪಯೋಗ ಇದೆಯಾ?

ಇದೆ. ಆದರೆ ಮೀಟಿಂಗಿಗೆ ಬಂದು ಸುಮ್ನೆ ಸಹಿ ಹಾಕಿ ಹೋದರೆ ಇಲ್ಲ.

ನಾನು ಕಾಸರಗೋಡು ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನಿಗೆ ಸೋಮವಾರ ಬಂತೆಂದರೆ ಡೆಸ್ಕಿನ ಮೇಲೆ ನಿದ್ದೆ. ಸೋಮಾರಿ ಅಂತ ಎರಡು ತಿಂಗಳು ಬೈದೆ. ಕೊನೆಗೆ ಕ್ಲಾಸ್ ಪಿಟಿಎಗೆ, ಅಂದರೆ ಆ ಕ್ಲಾಸಿನ ಪೋಷಕರು-ಶಿಕ್ಷಕರ ಮೀಟಿಂಗಿಗೆ, ಅವನ ಅಮ್ಮ ಬಂದರು. ಬೀಡಿ ಕಟ್ಟುವವರು. "ಭಾನುವಾರ ರಾತ್ರಿ ಅಡಿಕೆ ಸುಲಿಯಲಿಕ್ಕೆ ಹೋಗ್ತಾನೆ ಮಾಷ್ಟ್ರೇ, ಬರುವಾಗ ಎರಡು ಗಂಟೆ" ಅಂದರು. ನನಗೆ ಮುಖ ಎತ್ತಲಾಗಲಿಲ್ಲ. ಸುಲಿಯುವುದನ್ನು ಶನಿವಾರಕ್ಕೆ ಹಾಕಿಕೊಂಡರು. ಅವನೇನೂ ಎ ಪ್ಲಸ್ ತೆಗೆಯಲಿಲ್ಲ, ನಿದ್ದೆ ಮಾತ್ರ ನಿಂತಿತು.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಆದರೆ ಆ ಕಾಯ್ದೆ 8ನೇ ತರಗತಿ ತನಕ ಮಾತ್ರ. ಮಕ್ಕಳು ಕೈತಪ್ಪುವುದು ಅದರ ನಂತರವೇ ಅಲ್ವಾ?

ನಮ್ಮಲ್ಲಿ ಭಾಷೆಯ ತೊಡಕೂ ಇದೆ. ಎಷ್ಟೋ ಮನೆಗಳಲ್ಲಿ ಮಾತು ತುಳು. ಚೀಟಿ ಕಳಿಸುವ ಬದಲು ಫೋನ್ ಮಾಡಿ ತುಳುವಿನಲ್ಲೇ ಕರೆದು ನೋಡಿದೆ, ಜಾಸ್ತಿ ಜನ ಬಂದರು. ಸಂಜೆ ಐದರ ಮೇಲೆ ಇಟ್ಟರೆ ಅಪ್ಪಂದಿರೂ ಬರುತ್ತಾರೆ.